ಹೊಳೆ ಒಂದೇ, ಕಾನೂನು ಎರಡು

ಬಾಗಲಕೋಟೆ ಜಿಲ್ಲೆಯಲ್ಲಿ ನೀರಿನಿಂದಾಗಿ ಊರು ಬಿಟ್ಟವರು ಎರಡು ಬಗೆ. ಆಲಮಟ್ಟಿಯ ಹಿನ್ನೀರಿಗೆ ಮನೆ, ಹೊಲ ಬಿಟ್ಟುಕೊಟ್ಟವರು ಒಂದು ಕಡೆ; ಮಲಪ್ರಭೆ, ಘಟಪ್ರಭೆ, ಕೃಷ್ಣೆಯ ಪ್ರವಾಹಕ್ಕೆ ಮನೆ ಕಳೆದುಕೊಂಡವರು ಇನ್ನೊಂದು ಕಡೆ. ಮೊದಲಿನವರಿಗೆ ಭೂಸ್ವಾಧೀನದ ನೋಟಿಸ್ ಬರುತ್ತದೆ, ದರ ನಿಗದಿಯಾಗುತ್ತದೆ, ಸಾಲದಿದ್ದರೆ ನ್ಯಾಯಾಲಯದ ಮೆಟ್ಟಿಲು ಹತ್ತಬಹುದು. ಎರಡನೆಯವರಿಗೆ ಸಿಗುವುದು ಆಯಾ ವರ್ಷದ ಸರ್ಕಾರಿ ಆದೇಶ ಮಾತ್ರ. ಆ ವರ್ಷ ಮುಖ್ಯಮಂತ್ರಿಗಳ ಮನಸ್ಸು ಮತ್ತು ಖಜಾನೆ ಎಷ್ಟು ದೊಡ್ಡದಿದೆಯೋ ಪರಿಹಾರವೂ ಅಷ್ಟೇ. ಈ ಅಂತರ ಹೇಗೆ ಹುಟ್ಟಿತು ಎಂಬುದು ತಿಳಿಯದೆ ಪ್ರತಿ ಮಳೆಗಾಲದ ನಮ್ಮ ಗೋಳು ಅರ್ಥವಾಗುವುದಿಲ್ಲ.

ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ, ಲಾಲ್ ಬಹದ್ದೂರ್ ಶಾಸ್ತ್ರಿಯವರ ಕೈಯಿಂದ. ಮುಳುಗಡೆಯಾದವರ ಪುನರ್ವಸತಿಗೆಂದೇ ರಾಜ್ಯ ಶಾಸನಸಭೆ ಒಂದು ಕಾಯ್ದೆ ಮಾಡಿದ್ದು 1987ರಲ್ಲಿ. ಕಾಯ್ದೆ ಬಂದ ಮೇಲೂ ಕೆಲಸ ಸಲೀಸಾಗಿ ನಡೆಯಲಿಲ್ಲ. ಪುನರ್ವಸತಿ ಹಿಂದೆ ಬಿದ್ದಿದೆ ಎಂದು ವಿಶ್ವಬ್ಯಾಂಕ್ 1992ರಲ್ಲಿ ಒಮ್ಮೆ, 1995ರಲ್ಲಿ ಮತ್ತೊಮ್ಮೆ ಆಲಮಟ್ಟಿಯನ್ನು ಒಳಗೊಂಡ ಕೃಷ್ಣಾ ಮೇಲ್ದಂಡೆ ಯೋಜನೆಯ ಸಾಲವನ್ನು ತಡೆಹಿಡಿಯಬೇಕಾಯಿತು. ಮುಳುಗಡೆ ಊರುಗಳ ಜನ ಧರಣಿ ಕೂತರು, ದಶಕಗಟ್ಟಲೆ ಕೋರ್ಟು ಅಲೆದರು. ಬಾಗಲಕೋಟೆ ಪಟ್ಟಣಕ್ಕೆ ಬದಲಾಗಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಯೋಜಿಸಿದ ನವನಗರ ಎದ್ದು ನಿಂತಿತು. ಅಲ್ಲಿ ಕುಂದುಕೊರತೆ ಇಲ್ಲವೆಂದಲ್ಲ. ಆದರೂ ಊರು ಹೋದರೆ ಇನ್ನೊಂದು ಊರು ಕೊಡಬೇಕಾದದ್ದು ಸರ್ಕಾರದ ಹೊಣೆ ಎಂಬ ಮಾತು ಆ ಹೋರಾಟದಿಂದಾಗಿ ಕಾಗದದ ಮೇಲೆ ಗಟ್ಟಿಯಾಯಿತು.

ಪ್ರವಾಹದ ಕತೆಯೇ ಬೇರೆ. 2005ರಲ್ಲಿ ದೇಶಕ್ಕೆ ವಿಪತ್ತು ನಿರ್ವಹಣಾ ಕಾಯ್ದೆ ಬಂತು. ಅದರಡಿ ರಾಜ್ಯ ವಿಪತ್ತು ಪರಿಹಾರ ನಿಧಿ ಇದೆ. ಕರ್ನಾಟಕದಂಥ ರಾಜ್ಯಗಳಲ್ಲಿ ಅದರ ಶೇ 75 ಪಾಲು ಕೇಂದ್ರದ್ದು, ಉಳಿದದ್ದು ರಾಜ್ಯದ್ದು. ಮನೆ ಬಿದ್ದರೆ ಇಷ್ಟು, ಎತ್ತು ಸತ್ತರೆ ಇಷ್ಟು, ಹೆಕ್ಟೇರ್ ಬೆಳೆ ಹೋದರೆ ಇಷ್ಟು ಎಂಬ ದರಪಟ್ಟಿ ಅದಕ್ಕಿದೆ. ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಪಕ್ಕಾ ಮನೆಗೆ ಬಹುಕಾಲ 95,100 ರೂಪಾಯಿ ಇತ್ತು, ಆಮೇಲೆ 1.20 ಲಕ್ಷವಾಯಿತು. ಊರನ್ನೇ ಎತ್ತರದ ಜಾಗಕ್ಕೆ ಸಾಗಿಸಲು ಜಮೀನು ಕೊಳ್ಳುವ ಬಾಬ್ತು ಮಾತ್ರ ಆ ಪಟ್ಟಿಯಲ್ಲಿಲ್ಲ. ಆಂತರಿಕವಾಗಿ ಸ್ಥಳಾಂತರಗೊಂಡವರ ಬಗ್ಗೆ ವಿಶ್ವಸಂಸ್ಥೆ 1998ರಲ್ಲಿ ರೂಪಿಸಿದ ಮಾರ್ಗದರ್ಶಿ ತತ್ವಗಳು ಪ್ರಕೃತಿ ವಿಕೋಪದಿಂದ ಊರು ಬಿಟ್ಟವರನ್ನೂ ಒಳಗೊಳ್ಳುತ್ತವೆ. ನಮ್ಮಲ್ಲಿ ಅಂಥವರಿಗಾಗಿ ಪ್ರತ್ಯೇಕ ಕಾಯ್ದೆ ಇಂದಿಗೂ ಇಲ್ಲ.

ಊರನ್ನೇ ಸ್ಥಳಾಂತರಿಸುವ ದೊಡ್ಡ ಪ್ರಯತ್ನ ನಡೆದದ್ದು 2009ರ ನಂತರ. ಆ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆಗೆ ಉತ್ತರ ಕರ್ನಾಟಕ ತತ್ತರಿಸಿತು. 200ಕ್ಕೂ ಹೆಚ್ಚು ಜನ ಸತ್ತರು. ಆಗಿನ ಯಡಿಯೂರಪ್ಪ ಸರ್ಕಾರ ‘ಆಸರೆ’ ಹೆಸರಿನಲ್ಲಿ ಹೊಸ ಬಡಾವಣೆಗಳನ್ನು ಕಟ್ಟಿಸಲು ಮುಂದಾಯಿತು. ಜಾಗ ಸರ್ಕಾರದ್ದು, ಮನೆ ಕಟ್ಟಿಸುವ ಹೊಣೆಯಲ್ಲಿ ಕಂಪನಿಗಳು, ಮಠಗಳು, ದಾನಿಗಳು ಕೈಜೋಡಿಸಿದರು. ಅಷ್ಟು ಬೇಗ ಅಷ್ಟು ಮನೆಗಳು ಎದ್ದದ್ದು ಸಣ್ಣ ಮಾತೇನೂ ಅಲ್ಲ; ಆ ದಿನಗಳ ಉತ್ಸಾಹವನ್ನು ನಾನು ಇಂದಿಗೂ ಗೌರವಿಸುತ್ತೇನೆ.

ಮನೆಗಳೇನೋ ಎದ್ದವು, ಎಷ್ಟೋ ಕಡೆ ಜನ ಬರಲಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮಲಪ್ರಭೆ ದಂಡೆಯ ಒಂದು ಹಳೆಯ ಮಾಳಿಗೆ ಮನೆಯಲ್ಲಿ ಕಾಲಿಟ್ಟೊಡನೆ ಸಿಗುವುದು ದನ ಕಟ್ಟುವ ಜಾಗ. ಅದನ್ನು ದಾಟಿದ ಮೇಲೆ ಪಡಸಾಲೆ, ಅಡುಗೆಮನೆ. ಹಿತ್ತಲಲ್ಲಿ ಬಣವೆ, ತಿಪ್ಪೆ. ಮೂವರು ಅಣ್ಣತಮ್ಮಂದಿರು ಮೂರು ಒಲೆ ಹೂಡಿದ್ದರೂ ಪಂಚಾಯಿತಿ ಕಡತದಲ್ಲಿ ಆ ಮನೆಗೆ ನಂಬರ್ ಒಂದೇ. ನಂಬರ್ ಒಂದಾದ್ದರಿಂದ ಹೊಸ ಮನೆಯೂ ಒಂದೇ: ಒಂದು ಕೋಣೆ, ಒಂದು ಹಾಲ್, ಮೂಲೆಯಲ್ಲಿ ಅಡುಗೆಗೆ ಜಾಗ. ಎಮ್ಮೆಯನ್ನು ಎಲ್ಲಿ ಕಟ್ಟುವುದು, ಮೇವು ಎಲ್ಲಿ ಒಟ್ಟುವುದು ಎಂದು ನಕ್ಷೆ ಬರೆದವರು ಕೇಳಲಿಲ್ಲ. ಹೊಲ ಹೊಳೆಯ ದಂಡೆಯಲ್ಲಿ, ಮನೆ ದೂರದ ಮಡ್ಡಿಯ ಮೇಲೆ. ಬೆಳಗಿನ ಜಾವ ಪಂಪ್‌ಸೆಟ್ ಕರೆಂಟ್ ಬಂದಾಗ ನೀರು ತಿರುವಲು ಅಲ್ಲಿಂದ ಇಳಿದು ಬರುವುದು ಯಾರಿಂದಾದೀತು? ಕುಡಿಯುವ ನೀರು, ದಾರಿ, ಶಾಲೆ ತಡವಾದ ಕಡೆ, ಹಕ್ಕುಪತ್ರ ಕೈಸೇರದ ಕಡೆ, ಮನೆಗಳ ಸುತ್ತ ಜಾಲಿ ಬೆಳೆಯಿತು. ಜನ ಹಳೆಯ ಊರಲ್ಲೇ ಉಳಿದರು. ಇದನ್ನು ಜನರ ಹಟಮಾರಿತನ ಎಂದು ಬರೆದ ವರದಿಗಳನ್ನು ಓದಿದಾಗ ನನಗೆ ಸಿಟ್ಟು ಬರುತ್ತದೆ. ದುಡಿಮೆ ಇರುವ ಕಡೆ ಮನುಷ್ಯ ಇರುತ್ತಾನೆ.

2019ರ ಆಗಸ್ಟ್‌ನಲ್ಲಿ ಹೊಳೆ ಮತ್ತೆ ಬಂತು. ಈ ಸಲ ಮೇಲಿನ ಜಲಾಶಯಗಳಿಂದ ಬಿಟ್ಟ ನೀರೂ ಸೇರಿತ್ತು: ಕೃಷ್ಣೆಗೆ ಮಹಾರಾಷ್ಟ್ರದ ಕೊಯ್ನಾ, ಘಟಪ್ರಭೆಗೆ ಹಿಡಕಲ್, ಮಲಪ್ರಭೆಗೆ ನವಿಲುತೀರ್ಥ. ಚಿಕ್ಕೋಡಿಯಿಂದ ಜಮಖಂಡಿಯವರೆಗೆ, ಗೋಕಾಕದಿಂದ ಮುಧೋಳದವರೆಗೆ, ರಾಮದುರ್ಗದಿಂದ ಪಟ್ಟದಕಲ್ಲಿನ ಗುಡಿಗಳವರೆಗೆ ನೀರು ನಿಂತಿತು. ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಕೇಂದ್ರದ ದರಕ್ಕಿಂತ ಐದು ಪಟ್ಟು ಹೆಚ್ಚಿನ ಈ ಮೊತ್ತ ಔದಾರ್ಯದ್ದೇ.

ತೊಡಕು ಇದ್ದದ್ದು ವಿಂಗಡಣೆಯಲ್ಲಿ. ಹಾನಿಯನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡಿದರು. ಪೂರ್ತಿ ಹೋದದ್ದು ಎ, ಅಲ್ಪಸ್ವಲ್ಪ ಹೋದದ್ದು ಸಿ, ಅದಕ್ಕೆ 50 ಸಾವಿರ. ಮಣ್ಣಿನ ಗೋಡೆ ನೀರಿದ್ದಾಗಲೇ ಬೀಳುತ್ತದೆ ಎಂದೇನಿಲ್ಲ. ನೀರು ಕುಡಿದು ಊದಿಕೊಂಡು ನಿಂತಿರುತ್ತದೆ. ಹೊಳೆ ಇಳಿದು, ನಾಲ್ಕಾರು ದಿನ ಬಿಸಿಲು ಬಿದ್ದ ಮೇಲೆ ಬುಡ ಬಿರುಕು ಬಿಟ್ಟು ಕುಸಿಯುತ್ತದೆ. ಅಷ್ಟರಲ್ಲಿ ಪಂಚನಾಮೆ ಮುಗಿದು ಮನೆ ಸಿ ವರ್ಗಕ್ಕೆ ಸೇರಿದ್ದರೆ, ಗೋಡೆ ಬಿದ್ದ ಮೇಲೆ ಮನೆಯವರು ತಹಶೀಲ್ದಾರ್ ಕಚೇರಿಗೆ ಅಲೆಯಬೇಕು. 5 ಲಕ್ಷ ಮಂಜೂರಾದವರಿಗೂ ಹಣ ಬಂದದ್ದು ಕಂತಿನಲ್ಲಿ. ತಳಪಾಯದ ಫೋಟೊ ಜಿಪಿಎಸ್ ಗುರುತಿನೊಂದಿಗೆ ವಸತಿ ನಿಗಮದ ಕಂಪ್ಯೂಟರಿಗೆ ಏರಬೇಕು, ಆಮೇಲೆ ಮುಂದಿನ ಕಂತು. ತಳಪಾಯ ಹಾಕಲು ಬೇರೆ ಜಾಗ ಇಲ್ಲದವರು ಹಳೆಯ ಬುನಾದಿಯ ಮೇಲೆಯೇ ಕಟ್ಟಿದರು. ಸರ್ಕಾರದ ಹಣದಲ್ಲೇ, ಪ್ರವಾಹ ಬರುವ ಜಾಗದಲ್ಲೇ ಹೊಸ ಮನೆ ಎದ್ದಿತು. 2021ರ ಜುಲೈನಲ್ಲಿ ಘಟಪ್ರಭೆ ಮತ್ತು ಕೃಷ್ಣೆ ಮತ್ತೆ ಊರೊಳಗೆ ಬಂದವು. ನಡುವೆ 2020ರ ಅಕ್ಟೋಬರ್‌ನಲ್ಲಿ ವಿಜಯಪುರ ಜಿಲ್ಲೆಯ ಭೀಮಾ ತೀರದವರೂ ಇದೇ ಸಂಕಟ ಉಂಡರು.

ಆಸರೆ ಮನೆ ಹಂಚಿಕೆಯಾಗಿದ್ದ ಊರುಗಳಿಗೆ ಇನ್ನೊಂದು ಪೆಟ್ಟು ಬಿತ್ತು. ನಿಮಗೆ ಆಗಲೇ ಮನೆ ಕೊಟ್ಟಾಗಿದೆಯಲ್ಲ ಎಂಬ ಮಾತನ್ನು ಅವರು ಕಾಳಜಿ ಕೇಂದ್ರದಲ್ಲಿ ಕೂತು ಕೇಳಬೇಕಾಯಿತು.

ಕೇಂದ್ರದಲ್ಲಿ ಸ್ವಲ್ಪ ಬದಲಾವಣೆ ಕಂಡದ್ದು 15ನೇ ಹಣಕಾಸು ಆಯೋಗದಿಂದ. ವಿಪತ್ತು ನಿಧಿಯ ಐದನೇ ಒಂದು ಪಾಲನ್ನು ಅಪಾಯ ತಗ್ಗಿಸುವ ಕೆಲಸಕ್ಕೆ ಮೀಸಲಿಡಬೇಕೆಂದು ಅದು ಹೇಳಿತು. ನದಿ ಮತ್ತು ಕಡಲ ಕೊರೆತದಿಂದ ನೆಲೆ ತಪ್ಪಿದವರ ಪುನರ್ವಸತಿಗೆ 2021–26ರ ಅವಧಿಗೆ 1,000 ಕೋಟಿ ರೂಪಾಯಿ ಶಿಫಾರಸು ಮಾಡಿತು. ವಿಕೋಪದಿಂದ ಊರು ಬಿಟ್ಟವರಿಗೆಂದೇ ಹಣ ತೆಗೆದಿಟ್ಟದ್ದು ದೊಡ್ಡ ಹೆಜ್ಜೆ. ಆದರೆ ದಂಡೆ ಕುಸಿದು ನೆಲವೇ ಹೋದವರಿಗೆ ಅದು ಅನ್ವಯಿಸುತ್ತದೆ. ನೆಲ ಉಳಿದು, ಎರಡು ವರ್ಷಕ್ಕೊಮ್ಮೆ ಮುಳುಗುವ ನಮ್ಮ ಊರುಗಳಿಗೆ ಅದರ ಬಾಗಿಲು ತೆರೆದಿಲ್ಲ.

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಆಲಮಟ್ಟಿ ಎತ್ತರವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ತೀರ್ಮಾನಿಸಿದಾಗ ಮುಳುಗುವ ಜಮೀನಿಗೆ ದರ ಗೊತ್ತುಮಾಡಿತು: ನೀರಾವರಿಗೆ ಎಕರೆಗೆ 40 ಲಕ್ಷ, ಒಣಬೇಸಾಯಕ್ಕೆ 30 ಲಕ್ಷ. ಮುಳುಗಡೆಯವರು ಬಹುಕಾಲ ಕೇಳಿದ್ದಕ್ಕೆ ಸಿಕ್ಕ ಉತ್ತರ ಅದು. ಅದನ್ನು ಯಾರೂ ಕರುಬಬೇಕಿಲ್ಲ. ಪ್ರವಾಹದ ಊರುಗಳು ಕೇಳುವುದು ಅದಕ್ಕಿಂತ ತುಂಬ ಕಡಿಮೆ. 2005ರ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಯೂ ವಿಪತ್ತು ಯೋಜನೆ ಸಿದ್ಧಪಡಿಸಬೇಕು, ಅಪಾಯದ ಊರುಗಳನ್ನು ಅದರಲ್ಲಿ ಗುರುತಿಸಬೇಕು. ಹೀಗೆ ಗುರುತಿಸಿದ ಊರುಗಳಲ್ಲಿ ಎಲ್ಲಿ ಗ್ರಾಮಸಭೆ ತಾನಾಗಿ ಸ್ಥಳಾಂತರ ಬೇಡುತ್ತದೋ ಅಲ್ಲಿಂದಲೇ ಶುರು ಮಾಡಬಹುದು. ಮನೆ ನಂಬರ್ ಬಿಟ್ಟು ಒಲೆಗಳನ್ನು ಎಣಿಸಲಿ. ದನಕ್ಕೆ, ಮೇವಿಗೆ ಜಾಗ ಹಿಡಿಯುವಷ್ಟು ನಿವೇಶನ ಅಳೆಯಲಿ. ಹಕ್ಕುಪತ್ರವನ್ನು ಗಂಡ ಹೆಂಡತಿ ಇಬ್ಬರ ಹೆಸರಿಗೂ ಬರೆದು ಮೊದಲೇ ಕೈಗೆ ಕೊಡಲಿ. ಇದೆಲ್ಲ ಬೇಸಿಗೆಯಲ್ಲಿ, ಹೊಳೆ ಒಣಗಿರುವಾಗ ಆಗಬೇಕಾದ ಕೆಲಸ.