ಹರಿಗೋಲು ಬಂಡೆಗೆ ತಾಗಿದಾಗ ನೀರುನಾಯಿಗೆ ಏನಾಗುತ್ತದೆ?

ನಾನು ನದಿ ಜೀವಿಗಳ ಬಗ್ಗೆ ಕೆಲಸ ಮಾಡುವವನು ಎಂದು ಗೊತ್ತಾದ ಕೂಡಲೇ ಹಂಪಿಗೆ ಬಂದ ಪ್ರವಾಸಿಗರು ಕೇಳುವ ಪ್ರಶ್ನೆ ಒಂದೇ: "ಇಲ್ಲಿ ನೀರುನಾಯಿ ಇದೆ ಅಂತಾರಲ್ಲ, ನಮಗೆ ಒಂದೂ ಕಾಣಲಿಲ್ಲ ಯಾಕೆ?" ಇದೆ ಸ್ವಾಮಿ. ನೀವು ಹರಿಗೋಲಿನಲ್ಲಿ ಗಿರಗಿರ ತಿರುಗುತ್ತ ಕಿರುಚುತ್ತಿದ್ದಾಗ ಅದು ಪಕ್ಕದ ಬಂಡೆಯ ಸಂದಿಯಲ್ಲೇ ಕೂತಿದ್ದೀತು.

ಮುದ್ಲಾಪುರದಿಂದ ಕಂಪ್ಲಿವರೆಗಿನ ಸುಮಾರು 34 ಕಿ.ಮೀ. ಉದ್ದದ ತುಂಗಭದ್ರೆಯನ್ನು ರಾಜ್ಯ ಸರ್ಕಾರ 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಹಂಪಿ, ಆನೆಗುಂದಿ ಎರಡೂ ಇದೇ ಹರಿವಿನ ದಂಡೆಯಲ್ಲಿವೆ. ಇಲ್ಲಿರುವುದು ನುಣುಪು ತುಪ್ಪಳದ ನೀರುನಾಯಿ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಅಳಿವಿನ ಭೀತಿ ಎದುರಿಸುತ್ತಿರುವ ಪ್ರಾಣಿ. 2019ರಲ್ಲಿ ಇದರ ಅಂತರರಾಷ್ಟ್ರೀಯ ವ್ಯಾಪಾರವನ್ನೂ ನಿಷೇಧದ ಪಟ್ಟಿಗೆ ಸೇರಿಸಲಾಯಿತು. ಇದೇ ನೀರಿನಲ್ಲಿ ಲೀತ್‌ನ ಮೃದುಚಿಪ್ಪಿನ ಆಮೆಯೂ ಇದೆ. ಅದರ ಸ್ಥಿತಿ ಇನ್ನೂ ಗಂಭೀರ, ಅಳಿವಿನ ತೀರಾ ಅಂಚಿಗೆ ಬಂದಿದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಪ್ರಾಣಿಗಳ ದೊಡ್ಡ ಶತ್ರು ಹರಿಗೋಲಲ್ಲ. ಸಿಡಿಮದ್ದು ಎಸೆದು ಮೀನು ಹಿಡಿಯುವುದು, ಮರಳು ಎತ್ತುವುದು, ಅಣೆಕಟ್ಟಿನಿಂದ ಹೊತ್ತುಗೊತ್ತಿಲ್ಲದೆ ಏರಿಳಿಯುವ ನೀರು, ಇವೆಲ್ಲ ಅದಕ್ಕಿಂತ ಕೆಟ್ಟವು. ಬಿದಿರಿನ ಬುಟ್ಟಿಯಂಥ ಹರಿಗೋಲಿಗೆ ಎಂಜಿನ್ ಇಲ್ಲ, ಹೊಗೆ ಇಲ್ಲ, ಸದ್ದೂ ಇಲ್ಲ. ಮೀನುಗಾರ ಅದರಲ್ಲಿ ಸುಮ್ಮನೆ ಹಾದುಹೋದರೆ ನೀರುನಾಯಿ ತಲೆಯೆತ್ತಿ ನೋಡಿ ಮತ್ತೆ ತನ್ನ ಕೆಲಸಕ್ಕೆ ಮರಳುತ್ತದೆ. ತೊಂದರೆ ಶುರುವಾಗುವುದು ಹರಿಗೋಲು ಬಂಡೆಗೆ ತಾಗಿ, ಜನ ಕೆಳಗಿಳಿದಾಗ.

ಯಾಕೆ ಎಂದು ತಿಳಿಯಲು ನೀರುನಾಯಿಯ ಮೈ ನೋಡಬೇಕು. ಅದಕ್ಕೆ ಸೀಲ್‌ಗಳಿಗಿರುವಂಥ ಕೊಬ್ಬಿನ ಪದರವಿಲ್ಲ. ಮೈಶಾಖ ಉಳಿಸುವುದು ತುಪ್ಪಳವೇ. ಹೀಗಾಗಿ ಮೀನು ಹಿಡಿದು ಮೇಲೆ ಬಂದ ಮೇಲೆ ಮರಳಿನಲ್ಲಿ ಹೊರಳಿ, ಬಂಡೆಗೆ ಮೈ ಉಜ್ಜಿ, ತುಪ್ಪಳ ಒಣಗಿಸಿಕೊಳ್ಳಲೇಬೇಕು. ಅದು ಆಟವಲ್ಲ, ಬದುಕಿನ ಲೆಕ್ಕಾಚಾರ. ಆ ಹೊತ್ತಿಗೆ ಹರಿಗೋಲು ಬಂದರೆ ಒದ್ದೆ ಮೈಯಲ್ಲೇ ಮತ್ತೆ ನೀರಿಗೆ. ಅರ್ಧ ತಾಸಿನ ನಂತರ ಇನ್ನೊಂದು ಹರಿಗೋಲು. ತಿಂದ ಮೀನಿನ ಶಕ್ತಿಯೆಲ್ಲ ಓಡಾಟಕ್ಕೇ ಖರ್ಚು.

ಇನ್ನು ಬಂಡೆಯ ಮೇಲಿನ ಹಿಕ್ಕೆ. ಮೀನಿನ ಹುರುಪೆ, ಏಡಿ ಚಿಪ್ಪಿನ ಚೂರು ತುಂಬಿದ, ಮೂಗಿಗೆ ರಾಚುವ ವಾಸನೆಯ ಗುಡ್ಡೆ. ಗುಂಪಿನವೆಲ್ಲ ಒಂದೇ ಕಡೆ ಹಾಕುತ್ತವೆ. ಯಾರು ಬಂದರು, ಇದು ಯಾರ ಜಾಗ ಎಂಬ ಸುದ್ದಿಯೆಲ್ಲ ಆ ವಾಸನೆಯಲ್ಲೇ ಇರುತ್ತದೆ, ನಮ್ಮ ಊರಿನ ಅರಳಿಕಟ್ಟೆ ಇದ್ದ ಹಾಗೆ. ಪ್ರವಾಸಿಗರಿಗೆ ಅದು ಬರೀ ಗಲೀಜು. ನೀರು ಚೆಲ್ಲಿ ತೊಳೆದು, ಮೇಲೆ ಟವೆಲ್ ಹಾಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ದಿನವೂ ಹೀಗಾದರೆ ಗುಂಪು ಆ ಬಂಡೆಯನ್ನು ಬಿಟ್ಟುಕೊಡುತ್ತದೆ.

ಬಂಡೆಯ ಮೇಲಿರುವ ಗುಂಪನ್ನು ದೂರದಿಂದ ಗಮನಿಸಿದರೆ ಹಂತಗಳು ಸ್ಪಷ್ಟ. ಮೊದಲು ಒಂದು ದೊಡ್ಡದು ಕತ್ತು ಉದ್ದ ಮಾಡುತ್ತದೆ. ಆಮೇಲೆ ಮೂಗಿನಿಂದ 'ಫುಸ್' ಎಂಬ ಸದ್ದು. ಎಲ್ಲವೂ ಒಟ್ಟಿಗೆ ಜಾರಿ ನೀರಿಗೆ ಇಳಿಯುತ್ತವೆ. ಹರಿಗೋಲಿನವರು "ಅಯ್ಯೋ, ಹೋಯ್ತಲ್ಲ" ಎಂದು ಕೆಮೆರಾ ಹಿಡಿದು ಬಂಡೆಗೇ ಬರುತ್ತಾರೆ. ಆಗ ಕೆಳಗಿನ ಪೊಟರೆಯಲ್ಲಿ ಮರಿಗಳಿದ್ದರೆ ತಾಯಿಗೆ ಒಳಹೋಗಲು ದಾರಿಯಿಲ್ಲ. ಮಳೆಗಾಲ ಮುಗಿದು ಚಳಿ ಬೀಳುವ ತಿಂಗಳುಗಳು ಇಲ್ಲಿ ಮರಿಗಳ ಕಾಲ. ಹಂಪಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ ಸೇರುವುದೂ ಆಗಲೇ. ನನ್ನ ಪ್ರಕಾರ ಇವೆರಡೂ ಒಂದೇ ಕಾಲಕ್ಕೆ ಬರುವುದೇ ನಿಜವಾದ ಸಮಸ್ಯೆ. ಬೇಸಿಗೆಯಲ್ಲಿ ನೀರು ಇಳಿದು ಜನ, ಪ್ರಾಣಿ ಎಲ್ಲರೂ ಉಳಿದ ಮಡುಗಳಿಗೇ ಬಂದಾಗ ಅದು ಇನ್ನಷ್ಟು ಹೆಚ್ಚುತ್ತದೆ.

ಕಾಟ ಹೆಚ್ಚಾದ ಕಡೆ ನೀರುನಾಯಿ ಊರು ಬಿಟ್ಟು ಹೋಗಲೇಬೇಕೆಂದಿಲ್ಲ. ಬೆಳಗಿನ, ಸಂಜೆಯ ಬೇಟೆ ಬಿಟ್ಟು ರಾತ್ರಿಗೆ ಸರಿಯುತ್ತದೆ. ಹಗಲು ಕಾಣದ್ದರಿಂದ ನಾವು "ಇಲ್ಲ" ಎಂದುಕೊಳ್ಳುತ್ತೇವೆ. ಇದರ ಜತೆಗೆ ನಾಯಿಗಳು: ದಡದಲ್ಲಿ ಬಿಟ್ಟ ಬಿರಿಯಾನಿ ಪೊಟ್ಟಣದ ಹಿಂದೆ ಬೀದಿನಾಯಿಗಳು ನದಿಗಿಳಿಯುತ್ತವೆ, ಮರಿ ಸಿಕ್ಕರೆ ಬಿಡುವುದಿಲ್ಲ. ಮರಳ ದಿಬ್ಬದಲ್ಲಿ ಕ್ಯಾಂಪ್ ಫೈರ್ ಹಾಕುವವರಿಗೆ ಅಡಿಯಲ್ಲಿ ಆಮೆ ಮೊಟ್ಟೆ ಇದ್ದೀತು ಎಂಬ ಯೋಚನೆಯೂ ಬರುವುದಿಲ್ಲ.

2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಹಂಪಿಯ ಎದುರಿನ ನಡುಗಡ್ಡೆ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳು ನೆಲಸಮವಾದವು. ನಡುಗಡ್ಡೆಯ ಮೋಜು ನಿಂತಿತು ಎಂದವರುಂಟು. ಆದರೆ ಜನ ಬರುವುದು ನಿಲ್ಲಲಿಲ್ಲ. ಸಾಣಾಪುರ, ಆನೆಗುಂದಿ ಕಡೆಗೆ ಹರಡಿಕೊಂಡರು. ಒಂದು ಕಡೆ ಮುಚ್ಚಿದ್ದು ಇನ್ನೊಂದು ಕಡೆ ತೆರೆದುಕೊಂಡಿತು. ಹೀಗಾಗಿ ಹರಿಗೋಲು ನಿಷೇಧಿಸಿ ಎಂಬ ಬೇಡಿಕೆಗೆ ನಾನು ಸಹಿ ಹಾಕುವುದಿಲ್ಲ. ಸಂರಕ್ಷಣಾ ಮೀಸಲು ಎಂದರೆ ಅಭಯಾರಣ್ಯವಲ್ಲ. ದಂಡೆಯ ಜನರ ಜತೆ ಮಾತಾಡಿ ನಡೆಸಬೇಕಾದ ವ್ಯವಸ್ಥೆ, ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೇ ಅದಕ್ಕೆ ಸಮಿತಿಯ ಅವಕಾಶವಿದೆ.

ಆ ಸಮಿತಿ ಮಾಡಬಹುದಾದ್ದು ಸರಳ. ಮರಿಗಳ ತಿಂಗಳಲ್ಲಿ ಪೊಟರೆ ಇರುವ ಬಂಡೆಗಳಿಗೆ ಹರಿಗೋಲು ತಾಗಿಸುವಂತಿಲ್ಲ. ಸೂರ್ಯ ಮೇಲೇರುವ ಮುಂಚೆ, ಮುಳುಗುವ ಹೊತ್ತಿಗೆ ಸವಾರಿ ಇಲ್ಲ. ಗಿರಕಿ ಆಟ ಬೇಕಿದ್ದರೆ ಸಾಣಾಪುರ ಕೆರೆಯಲ್ಲಿ, ನದಿಯಲ್ಲಿ ಬೇಡ. ಪೊಟರೆ ಯಾವುದೆಂದು ಹರಿಗೋಲಿನವರಿಗೆ ನನಗಿಂತ ಚೆನ್ನಾಗಿ ಗೊತ್ತು, ನೀರುನಾಯಿ ಅವರ ಬಲೆ ಹರಿದುಹಾಕುವುದೇ ಅಲ್ಲಿ. ಆದರೆ ಈ ಮಾತು ಎತ್ತಿದಾಗ ಬರುವ ಉತ್ತರ: "ನಾನು ಬಂಡೆಗೆ ಬಿಡದಿದ್ದರೆ ಗಿರಾಕಿ ಹಿಂದಿನ ಹರಿಗೋಲು ಹತ್ತುತ್ತಾನೆ ಸಾರ್." ಅದು ಸುಳ್ಳಲ್ಲ. ಹೀಗಾಗಿ ನಿಯಮ ಅಂಬಿಗನ ಒಳ್ಳೆಯತನದ ಮೇಲೆ ನಿಲ್ಲಬಾರದು. ಟಿಕೆಟ್‌ನಲ್ಲೇ ಅಚ್ಚಾಗಿ, ದಡದ ಎಲ್ಲ ಹರಿಗೋಲುಗಳಿಗೂ ಒಂದೇ ದಿನ ಜಾರಿಯಾಗಬೇಕು.