ಕಾಯಿಲೆ ಅಳೆಯಲು ಹೋಗಿ ಬಿಲ್ ಅಳೆದ ಯಂತ್ರ

ಎಐ ಬಗ್ಗೆ ನೈತಿಕ ಪ್ರಶ್ನೆ ಅಂದ ಕೂಡಲೇ ಮಾತು ಎಲ್ಲಿಗೋ ಹೋಗುತ್ತದೆ. ರೋಬೋಟ್‌ಗಳು ನಮ್ಮನ್ನು ಆಳುತ್ತವಾ, ಯಂತ್ರಕ್ಕೆ ಮನಸ್ಸು ಬರುತ್ತಾ, ಹೀಗೆ. ನನ್ನನ್ನು ಅದಕ್ಕಿಂತ ಜಾಸ್ತಿ ಕಾಡುವುದು ಅಮೆರಿಕದ ಆಸ್ಪತ್ರೆಗಳಲ್ಲಿ ಸದ್ದಿಲ್ಲದೆ ನಡೆದ ಒಂದು ಸಂಗತಿ.

ಸಕ್ಕರೆ ಕಾಯಿಲೆ, ಬಿಪಿ, ಕಿಡ್ನಿ ತೊಂದರೆ ಅಂತ ನಾಲ್ಕಾರು ಕಾಯಿಲೆ ಒಟ್ಟಿಗೆ ಇರುವವರಿಗೆ ಅಲ್ಲಿ ವಿಶೇಷ ಆರೈಕೆ ಕೊಡುತ್ತಾರೆ. ಅವರನ್ನು ನೋಡಿಕೊಳ್ಳಲು ಪ್ರತ್ಯೇಕ ನರ್ಸ್‌ಗಳಿರುತ್ತಾರೆ, ಡಾಕ್ಟರ್ ಅಪಾಯಿಂಟ್‌ಮೆಂಟ್ ಕೂಡ ಜಾಸ್ತಿ ಸಿಗುತ್ತದೆ. ಎಲ್ಲರಿಗೂ ಕೊಡುವಷ್ಟು ಸಿಬ್ಬಂದಿ ಇಲ್ಲ. ಹಾಗಾಗಿ ಯಾರಿಗೆ ಕೊಡಬೇಕು ಅಂತ ಆರಿಸುವ ಕೆಲಸವನ್ನು ಒಂದು ಅಲ್ಗಾರಿದಮ್‌ಗೆ, ಅಂದರೆ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂಗೆ, ಬಿಟ್ಟಿದ್ದರು. ಅದು ಪ್ರತಿ ರೋಗಿಗೂ ಒಂದು ಅಂಕ ಕೊಡುತ್ತಿತ್ತು. ಮೇಲಿನ ಶೇ 3ರೊಳಗೆ ಬಂದವರು ನೇರ ಆಯ್ಕೆ.

2019ರಲ್ಲಿ ಸಂಶೋಧಕರಾದ ಝಿಯಾದ್ ಓಬರ್‌ಮೇಯರ್, ಸೆಂಧಿಲ್ ಮುಲ್ಲೈನಾಥನ್ ಮತ್ತು ಸಂಗಡಿಗರು ಒಂದೇ ಅಂಕ ಪಡೆದ ಬಿಳಿಯರನ್ನೂ ಕಪ್ಪು ವರ್ಣೀಯರನ್ನೂ ಹೋಲಿಸಿ ನೋಡಿ, ಕಂಡದ್ದನ್ನು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ನೇರ ಆಯ್ಕೆಯ ಗೆರೆಯ ಹತ್ತಿರ ಬಿಳಿಯರಿಗೆ ಸರಾಸರಿ 3.8 ದೀರ್ಘಕಾಲದ ಕಾಯಿಲೆಗಳಿದ್ದವು. ಅಷ್ಟೇ ಅಂಕದ ಕಪ್ಪು ವರ್ಣೀಯರಿಗೆ 4.8. ಸರಾಸರಿ ಒಂದು ಕಾಯಿಲೆ ಜಾಸ್ತಿ ಇದ್ದರೆ ಮಾತ್ರ ಅವರು ಬಿಳಿಯರ ಸಾಲಿಗೆ ಬರುತ್ತಿದ್ದರು! ಆದರೆ ಯಾರು ಬಿಳಿಯರು, ಯಾರು ಕಪ್ಪು ವರ್ಣೀಯರು ಅನ್ನುವ ಮಾಹಿತಿಯನ್ನು ಆ ಅಲ್ಗಾರಿದಮ್‌ಗೆ ಕೊಟ್ಟೇ ಇರಲಿಲ್ಲ.

ಹಾಗಾದರೆ ಹೇಗಾಯ್ತು? ‘ಯಾರಿಗೆ ಆರೈಕೆ ಜಾಸ್ತಿ ಬೇಕು’ ಅನ್ನುವ ಕಾಲಂ ದಾಖಲೆಗಳಲ್ಲಿ ಸಿದ್ಧವಾಗಿ ಇರುವುದಿಲ್ಲ. ಇರುವುದು ಬಿಲ್. ಹಾಗಾಗಿ ಈ ರೋಗಿಗೆ ಮುಂದೆ ಎಷ್ಟು ಖರ್ಚಾಗಬಹುದು ಅಂತ ಊಹಿಸುವುದನ್ನು ಯಂತ್ರಕ್ಕೆ ಕಲಿಸಿದರು. ಜಾಸ್ತಿ ಖರ್ಚು ಅಂದರೆ ಜಾಸ್ತಿ ಕಾಯಿಲೆ. ಕೇಳಿದರೆ ಸರಿ ಅನಿಸುತ್ತದೆ, ಅಲ್ವಾ? ಆದರೆ ಬಿಲ್ ಆಗಬೇಕಾದರೆ ಮೊದಲು ಆಸ್ಪತ್ರೆಗೆ ಹೋಗಬೇಕು. ಕೆಲಸಕ್ಕೆ ರಜೆ ಸಿಗಬೇಕು, ಬಸ್ಸಿಗೆ ದುಡ್ಡಿರಬೇಕು, ಡಾಕ್ಟರ್ ಮೇಲೆ ನಂಬಿಕೆ ಇರಬೇಕು. 1932ರಿಂದ 1972ರವರೆಗೆ, ನಲವತ್ತು ವರ್ಷ, ಅಲಬಾಮಾದ ಟಸ್ಕೀಗಿಯಲ್ಲಿ ಸಿಫಿಲಿಸ್ ಇದ್ದ ಕಪ್ಪು ವರ್ಣೀಯ ಗಂಡಸರಿಗೆ ಪೆನಿಸಿಲಿನ್ ಬಂದ ಮೇಲೂ ಚಿಕಿತ್ಸೆ ಕೊಡದೆ, ಕಾಯಿಲೆ ಹೇಗೆ ಬೆಳೆಯುತ್ತದೆ ಅಂತ ಸರ್ಕಾರಿ ಆರೋಗ್ಯ ಇಲಾಖೆಯವರು ಸುಮ್ನೆ ನೋಡುತ್ತಾ ಕೂತಿದ್ದರು. ಅದನ್ನು ಕೇಳಿ ಬೆಳೆದವರು ಆಸ್ಪತ್ರೆಯನ್ನು ಅಷ್ಟು ಸುಲಭಕ್ಕೆ ನಂಬುತ್ತಾರಾ? ಅಷ್ಟೇ ಕಾಯಿಲೆ ಇದ್ದರೂ ಕಪ್ಪು ವರ್ಣೀಯರಿಗೆ ಆಗುತ್ತಿದ್ದ ಖರ್ಚು ವರ್ಷಕ್ಕೆ ಸುಮಾರು 1,800 ಡಾಲರ್ ಕಡಿಮೆ ಇತ್ತು. ಯಂತ್ರ ಆ ಕಡಿಮೆ ಬಿಲ್ ನೋಡಿ ಇವರು ಗಟ್ಟಿಮುಟ್ಟಾಗಿದ್ದಾರೆ ಅಂತ ತೀರ್ಮಾನಿಸಿತು.

ಲೆಕ್ಕದಲ್ಲಿ ತಪ್ಪಿರಲಿಲ್ಲ. ಖರ್ಚನ್ನು ಅದು ಚೆನ್ನಾಗಿಯೇ ಊಹಿಸುತ್ತಿತ್ತು. ಕಾಯಿಲೆಯ ಜಾಗದಲ್ಲಿ ಖರ್ಚನ್ನು ಕೂರಿಸಿದ್ದು ಮನುಷ್ಯರು, ನೈತಿಕ ನಿರ್ಧಾರ ಆಗಿಹೋಗಿದ್ದೂ ಅಲ್ಲೇ. ನೇರ ಆಯ್ಕೆಯಾದವರಲ್ಲಿ ಕಪ್ಪು ವರ್ಣೀಯರು ಶೇ 17.7 ಇದ್ದರು. ಈ ಅಂತರ ಇಲ್ಲದಿದ್ದರೆ ಶೇ 46.5 ಇರುತ್ತಿದ್ದರು. ಖರ್ಚಿನ ಜೊತೆ ಕಾಯಿಲೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಪಕ್ಷಪಾತ ಶೇ 84ರಷ್ಟು ಇಳಿಯಿತು. ಸರಿಪಡಿಸಲು ಆಗದ ವಿಷಯವೇನೂ ಆಗಿರಲಿಲ್ಲ, ಅದೇ ಇನ್ನಷ್ಟು ಬೇಸರ.

ಇಂಥ ಅದಲು ಬದಲು ನಮ್ಮ ಸುತ್ತಲೂ ಇದೆ. ಬೆಂಗಳೂರಿನ ಡೆಲಿವರಿ ಹುಡುಗನನ್ನೇ ನೋಡಿ. ಹೋಟೆಲ್‌ನವರು ಪಾರ್ಸೆಲ್ ಕೊಡುವುದು ತಡ ಮಾಡುತ್ತಾರೆ, ಸಿಲ್ಕ್ ಬೋರ್ಡ್ ಹತ್ತಿರ ಮಳೆಗೆ ಟ್ರಾಫಿಕ್ ನಿಲ್ಲುತ್ತದೆ, ಬಿರಿಯಾನಿ ತಣ್ಣಗಾಗುತ್ತದೆ, ಗ್ರಾಹಕ ಒಂದು ಸ್ಟಾರ್ ಒತ್ತುತ್ತಾನೆ. ಮಳೆ, ಹೋಟೆಲ್, ಹೊಂಡ ಎಲ್ಲ ಸೇರಿ ಆದ ತಡ ಈಗ ಆ ಹುಡುಗನ ಹೆಸರಿನ ಮುಂದೆ ರೇಟಿಂಗ್ ಆಗಿ ಕೂರುತ್ತದೆ. ಒಂದು ಬೆಳಿಗ್ಗೆ ಐಡಿ ಬ್ಲಾಕ್ ಆದರೆ ಯಾರನ್ನು ಕೇಳಬೇಕು? ಹೆಲ್ಪ್‌ಲೈನ್‌ನವರಿಗೆ ಸ್ಕ್ರೀನ್ ಮೇಲೆ ಬಂದಷ್ಟೇ ಗೊತ್ತು.

ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿಯೇ, ಅಂದರೆ ಇಂಥ ಆ್ಯಪ್‌ಗಳ ಮೂಲಕ ದುಡಿಯುವವರಿಗಾಗಿಯೇ, ಒಂದು ಕಾನೂನು ಬಂತು. ಕೆಲಸದಿಂದ ತೆಗೆಯುವ ಮೊದಲು ಲಿಖಿತವಾಗಿ ಕಾರಣ ಹೇಳಿ 14 ದಿನದ ನೋಟಿಸ್ ಕೊಡಬೇಕು, ಕೆಲಸವನ್ನು ಅಳೆಯುವ ಸ್ವಯಂಚಾಲಿತ ವ್ಯವಸ್ಥೆಯ ಬಗ್ಗೆ ಕಾರ್ಮಿಕ ಮಾಹಿತಿ ಕೇಳಬಹುದು. ಇದು ದೊಡ್ಡ ಹೆಜ್ಜೆ, ಮನಸಾರೆ ಸ್ವಾಗತಿಸುತ್ತೇನೆ. ಆದರೆ ಆಸ್ಪತ್ರೆಯ ಪ್ರಕರಣವನ್ನು ಓದಿದ ಮೇಲೆ ಇಷ್ಟು ಸಾಲದು ಅನಿಸುತ್ತದೆ. ಅಲ್ಲಿ ಒಬ್ಬೊಬ್ಬ ರೋಗಿಯೂ ತನ್ನ ಅಂಕ ಎಷ್ಟು ಅಂತ ಕೇಳಿ ತಿಳಿದುಕೊಂಡಿದ್ದರೂ ಏನೂ ಗೊತ್ತಾಗುತ್ತಿರಲಿಲ್ಲ. ಸಾವಿರಾರು ಜನರ ಅಂಕ ಮತ್ತು ಅವರ ನಿಜವಾದ ಕಾಯಿಲೆಗಳ ದಾಖಲೆ ಎರಡೂ ಒಟ್ಟಿಗೆ ಹೊರಗಿನ ಸಂಶೋಧಕರ ಕೈಗೆ ಸಿಕ್ಕಿದ್ದರಿಂದಲೇ ಅದು ಬಯಲಾಯಿತು. ನಮ್ಮಲ್ಲೂ ಆ ರೇಟಿಂಗ್‌ಗಳನ್ನು, ಮಳೆ ಬಂದ ದಿನಗಳನ್ನು, ಹೋಟೆಲ್ ತಡ ಮಾಡಿದ ನಿಮಿಷಗಳನ್ನು ಒಟ್ಟಿಗೆ ಇಟ್ಟು ಪರೀಕ್ಷಿಸುವ ಹಕ್ಕು ಕಂಪನಿಯ ಹೊರಗಿನ ಯಾರಿಗಾದರೂ ಇರಬೇಕು. ಆ ಡೇಟಾ ಯಾರಿಗೆ, ಯಾವಾಗ, ಹೇಗೆ ಕೊಡಬೇಕು ಅನ್ನುವುದನ್ನು ನಿಯಮದಲ್ಲೇ ಬರೆಯಿರಿ ಅಂತ ಈಗಲೇ ಕೇಳೋಣ.