ಹಳೇ ನಕ್ಷೆಯಲ್ಲಿ ಬೈಲು, ಮಜಲು, ಬೆಟ್ಟು

ಟೋಪೋ ಶೀಟ್ (ನೆಲದ ಏರಿಳಿತ, ಹೊಳೆ, ದಾರಿ, ಊರು ತೋರಿಸುವ ಸರ್ವೆ ನಕ್ಷೆ) ಕೈಗೆ ಬಂದ ಕೂಡಲೇ ಚಿಹ್ನೆಗಳ ಪಟ್ಟಿ ಬಾಯಿಪಾಠ ಮಾಡಲು ಕೂರಬೇಡಿ. ನಮ್ಮ ಉಡುಪಿ ಕಡೆಯ ಶೀಟ್ ಆದರೆ ಊರಿನ ಹೆಸರುಗಳಿಂದ ಶುರು ಮಾಡಿ. ಅಲ್ಲೇ ಜಾಸ್ತಿ ವಿಷಯ ಇದೆ.

ಅಳತೆ ಮಾತ್ರ ಮೊದಲೇ ನೋಡಿಕೊಳ್ಳಿ. ಸರ್ವೆ ಆಫ್ ಇಂಡಿಯಾದ ಹಳೇ ಶೀಟ್‌ಗಳಲ್ಲಿ ಒಂದು ಇಂಚಿಗೆ ಒಂದು ಮೈಲು, ಅಂದರೆ 1:63,360. ಆಮೇಲಿನವು 1:50,000, ಅಲ್ಲಿ 2 ಸೆಂಟಿಮೀಟರ್‌ಗೆ 1 ಕಿಲೋಮೀಟರ್. ಕಂದು ಗೆರೆಗಳು ಒಂದೇ ಎತ್ತರದ ಜಾಗಗಳನ್ನು ಸೇರಿಸುತ್ತವೆ. ಒತ್ತೊತ್ತಾಗಿದ್ದರೆ ಏರು ಜೋರು, ದೂರ ದೂರ ಇದ್ದರೆ ನೆಲ ಸಮ.

ಈಗ ಹೆಸರಿಗೆ ಬರೋಣ. ನಮ್ಮಲ್ಲಿ ಗದ್ದೆಗೆ ಮೂರು ಮಟ್ಟ. ತಗ್ಗಿನಲ್ಲಿ, ತೋಡಿನ (ಚಿಕ್ಕ ಹಳ್ಳದ) ಪಕ್ಕ ಇರುವುದು ಬೈಲು. ನೀರು ಸಾಕಷ್ಟಿದ್ದರೆ ಅಲ್ಲಿ ಏಣೆಲು (ಮಳೆಗಾಲದ್ದು), ಸುಗ್ಗಿ (ಚಳಿಗಾಲದ್ದು), ಕೊಳಕೆ (ಬೇಸಿಗೆಯದ್ದು) ಮೂರೂ ಬೆಳೆ. ಸ್ವಲ್ಪ ಮೇಲೆ ಮಜಲು, ಎರಡು ಬೆಳೆ. ಇನ್ನೂ ಮೇಲೆ ಬೆಟ್ಟು, ಮಳೆ ನಂಬಿದ ಒಂದೇ ಬೆಳೆ. ಎಲ್ಲದರ ಮೇಲೆ ಪದವು, ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಸಮತಟ್ಟು ನೆತ್ತಿ. ಅಂದರೆ ಹೆಸರೇ ನೆಲದ ಎತ್ತರ ಹೇಳುತ್ತದೆ, ಅಲ್ವಾ?

ಉಡುಪಿಯಲ್ಲಿ ಬೈಲೂರು, ಕುಂಜಿಬೆಟ್ಟು ಹುಡುಕಿ. ಕುಂಜಿಬೆಟ್ಟಿನಿಂದ ಇಂದ್ರಾಳಿ ದಾಟಿ ಮಣಿಪಾಲದ ಕಡೆಗೆ ಬೆರಳು ಸರಿಸಿ. ಏರು ಬಂದಲ್ಲಿ ಕಂದು ಗೆರೆಗಳು ಹತ್ತಿರವಾಗುತ್ತವೆ. ಈಗ ಅಲ್ಲೆಲ್ಲ ಅಂಗಡಿ, ಫ್ಲ್ಯಾಟು. ಬೆಟ್ಟುಗದ್ದೆಯ ನೆನಪು ಹೆಸರಲ್ಲಿ ಉಳಿದಿದೆ.

ಕಾಗುಣಿತ ಕಂಡು ಗಾಬರಿ ಬೇಡ. ಇಂಗ್ಲಿಷಿನಲ್ಲಿ ಉಡುಪಿ 'ಉಡಿಪಿ' ಆಗಿರುತ್ತದೆ, ಕುಂದಾಪುರ 'ಕೂಂಡಾಪೂರ್'. ಗಟ್ಟಿಯಾಗಿ ಓದಿ, ತುಳು ಬಲ್ಲವರಿಗೆ ಕೇಳಿಸಿ. ನಾನು ಅಜ್ಜಿಯ ಎದುರು ಶೀಟ್ ಹರಡಿ ಓದಿದಾಗಲೇ ಅರ್ಧ ಹೆಸರು ಬಿಡಿಸಿದ್ದು.

ವರ್ಷ ತಿಳಿಯಲು ಅಂಚಿನ ಬರಹ ನೋಡಿ. ಅಚ್ಚಾದ ವರ್ಷ ಬೇರೆ, ಸರ್ವೆ ಆದ ವರ್ಷ ಬೇರೆ. ನಮಗೆ ಬೇಕಿರುವುದು ಎರಡನೆಯದು. ಅಂಚು ಹರಿದಿದ್ದರೆ ರೈಲು ಹಳಿ ಹುಡುಕಿ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಉಡುಪಿಗೆ 1993ರಲ್ಲಿ. ಹಳಿ ಇಲ್ಲದಿದ್ದರೆ ಸರ್ವೆ ಅದಕ್ಕೂ ಮೊದಲಿನದು ಇರಬೇಕು.

ಹೊಳೆಯನ್ನು ನಿಧಾನಕ್ಕೆ ನೋಡಿ. ಸುವರ್ಣಾ ಹೊಳೆಯ ಕೊನೆಯಲ್ಲಿ ನೀರಿನ ನಡುವೆ ಕುದ್ರುಗಳು (ನಡುಗಡ್ಡೆಗಳು) ಸಿಗುತ್ತವೆ. ಕೆಮ್ಮಣ್ಣಿನ ತಿಮ್ಮಣ್ಣಕುದ್ರುವಿಗೆ ಈಗ ತೂಗುಸೇತುವೆ ಇದೆ. ಅದಕ್ಕೂ ಮೊದಲು ದೋಣಿಯೇ ಗತಿ. ದಾರಿಯೊಂದು ದಡಕ್ಕೆ ಬಂದು ನಿಂತು, ಆಚೆ ದಡದಲ್ಲಿ ಮತ್ತೆ ಶುರುವಾದರೆ ಅಲ್ಲೊಂದು ಗುರುತು ಹಾಕಿ. ಅದು ಕಡವು, ಅಂದರೆ ದೋಣಿಯಲ್ಲಿ ಹೊಳೆ ದಾಟುವ ಕಟ್ಟೆ, ಇದ್ದ ಜಾಗ ಇರಬಹುದು. ಒಂದು ಭಾನುವಾರ ಹೋಗಿ ಅಲ್ಲಿನ ಹಿರಿಯರನ್ನು ಕೇಳಿ.